ಗಂಗೆಯ ಅಡಿಯಿಂದ ಬಂದ ಕರೆಂಟು

ಕಂಟೋನ್ಮೆಂಟ್

ನನ್ನ ತಂಗಿ ಸಿಂಗಪುರಕ್ಕೆ ಹೋಗಿಬಂದಳು. ನಾದಿನಿ ದುಬೈಗೆ ಹೋಗಿಬಂದು ಅಲ್ಲಿನ ಖರ್ಜೂರದ ಗುಣಗಾನವನ್ನು ಇನ್ನೂ ನಿಲ್ಲಿಸಿಲ್ಲ. ನಾನು ರೇತ್‌ಪುರಕ್ಕೆ ಹೋಗಿಬಂದೆ. ರೇತ್‌ಪುರ ಎಂದರೆ ವಾರಾಣಸಿಯ ಹೊರಗೆ, ಗಂಗೆಯ ನಡುವೆ ಇರುವ ಒಂದು ಮರಳಿನ ದ್ವೀಪ. ಅದೂ ಒಂದು ವಿದೇಶವೇ ಎಂದು ತಂಗಿ ಫೋನಿನಲ್ಲಿ ನಕ್ಕಳು. ಯಾಕಾಗಬಾರದು? ನೀರು ದಾಟಬೇಕು, ಮಾತು ಅರ್ಥವಾಗಬಾರದು, ತಿಂದದ್ದು ಒಗ್ಗಬಾರದು, ವಾಪಸು ಬಂದ ಮೇಲೆ ಸಿಕ್ಕವರಿಗೆಲ್ಲ ಫೋಟೊ ತೋರಿಸಬೇಕು. ಕಡೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಯಿತು. ಫೋಟೊ ಇಲ್ಲ. ಐವತ್ತೆರಡು ಸೆಕೆಂಡಿನ ಒಂದು ವಿಡಿಯೊ ಇದೆ. ಅದನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ನಾನೊಬ್ಬಳೇ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ನೋಡುತ್ತೇನೆ.

ಮೊದಲು ನನ್ನ ಉದ್ಯೋಗ ಹೇಳಿಬಿಡಬೇಕು, ಆದದ್ದರಲ್ಲಿ ಹೆಚ್ಚಿನ ನಾಚಿಕೆ ಅದಕ್ಕೇ ಸೇರಬೇಕು. ನಾನು ಹಿಂದಿ ಎಂ.ಎ. ಒಂದು ಬ್ಯಾಂಕಿನಲ್ಲಿ ರಾಜಭಾಷಾ ಅಧಿಕಾರಿ. ಕಾಶಿಯವರು ಹಿಂದಿಯನ್ನು ಸರಿಯಾಗಿ ಬರೆಯುತ್ತಿದ್ದಾರೋ ಇಲ್ಲವೋ ಎಂದು ನೋಡಿಕೊಳ್ಳಲು ಚಿತ್ರದುರ್ಗ ಜಿಲ್ಲೆಯವಳನ್ನು ವರ್ಗ ಮಾಡಿ ಕಳಿಸಿದ್ದಾರೆ. ಹಗಲೆಲ್ಲ ಆಫೀಸಿನಲ್ಲಿ ಊರವರ ಹಿಂದಿ ತಿದ್ದುತ್ತೇನೆ, ಸಂಜೆ ಕಂಟೋನ್ಮೆಂಟಿನ ಮನೆಗೆ ಬಂದು ಮಗಳ ಹಿಂದಿ ಬಿಡಿಸುತ್ತೇನೆ. ಚುಕ್ಕಿಗೆ ಒಂಬತ್ತು ವರ್ಷ. ಕರೆಂಟು ಹೋಗಿ ಬಂದಾಗಲೆಲ್ಲ ಅವಳು "ಅಮ್ಮಾ, ಲೈನ್ ಆ ಗಯೀ!" ಎಂದು ಕುಣಿಯುತ್ತಾಳೆ. ನಾನು ಅಡುಗೆಮನೆಯಿಂದಲೇ, "ಆ ಗಯೀ ಅಲ್ಲ ಕಣೇ, ಬಂದೈತೆ ಅನ್ನು," ಎನ್ನುತ್ತೇನೆ. ನಮ್ಮ ಕಡೆ ಅನ್ನುವುದೇ ಹಾಗೆ. ಅವಳು ಮುಖ ಊದಿಸಿಕೊಂಡು ಟಿ.ವಿ. ಮುಂದೆ ಕೂರುತ್ತಾಳೆ.

ಈ ಪ್ರವಾಸಕ್ಕೆ ನನ್ನನ್ನು ಕರೆದವನು ವೀರೇಶ, ರಾಣೆಬೆನ್ನೂರಿನ ಇಂಜಿನಿಯರ್. ಕಾಶಿಯಲ್ಲಿ ಕನ್ನಡ ಕೇಳಬೇಕೆನಿಸಿದವರು ಜಂಗಮವಾಡಿಯ ಗಲ್ಲಿಗೆ ಹೋಗುತ್ತಾರೆ. ಅಲ್ಲೊಂದು ಹಬ್ಬದ ಊಟದ ಪಂಕ್ತಿಯಲ್ಲಿ ಅವನು ನನ್ನ ಪಕ್ಕ ಕೂತಿದ್ದ. ರೇತ್‌ಪುರಕ್ಕೆ ಕರೆಂಟು ಕೊಡುವ ಗುತ್ತಿಗೆ ಕಂಪನಿಯಲ್ಲಿ ಅವನಿಗೆ ಕೆಲಸ. ಮುಂಚೆ ಕಂಬ ನೆಟ್ಟು ತಂತಿ ಎಳೆದಾಗ ಗಂಗೆ ಪ್ರವಾಹದಲ್ಲಿ ಕಂಬಗಳನ್ನೇ ಒಯ್ದಿದ್ದಳಂತೆ. ಅದಕ್ಕೆ ಈ ಸಲ ಹೊಳೆಯ ತಳದಲ್ಲೇ ಕೇಬಲ್ಲು.

"ಇದು ಸಮುದ್ರದಾಗ ಹಾಕೋ ಕೇಬಲ್ ಅಕ್ಕಾರ. ದ್ವೀಪಗಳಿಗೆ ಕರೆಂಟ್ ಕೊಡಾಕಂತನ ಮಾಡಿದ್ದು. ನಾವು ಹೊಳಿಗೆ ಹಾಕಾಕತ್ತೀವಿ," ಎಂದು ಹೋಳಿಗೆ ಮುರಿಯುತ್ತ ಹೇಳಿದ. "ದಂಡೀಮ್ಯಾಲ ಒಂದು ಬೋರ್ಡ್ ಹಾಕಬೇಕ್ರಿ. ಹಿಂದಿಯಾಗ ನೀವ ಬರದು ಕೊಡ್ರಿ."

ಬರೆದುಕೊಟ್ಟೆ. 'ಅಂತರ್ಜಲೀಯ ವಿದ್ಯುತ್ ಸಂವಾಹಿನೀ.' ಪೇಂಟರ್ ಅದನ್ನು ಓದಿ, ತಗಡು ಸಾಲದು ಎಂದನಂತೆ. ಇಂಗ್ಲಿಷಿನಲ್ಲಿ ಇದಕ್ಕೆ ಸಬ್‌ಮರೀನ್ ಕೇಬಲ್ ಅನ್ನುತ್ತಾರೆಂದು ಯಾರೋ ಹೇಳಿದರು. ಸಬ್‌ಮರೀನಿಗೆ ಹಿಂದಿಯಲ್ಲಿ ಪನಡುಬ್ಬಿ. ಪೇಂಟರ್ 'ಪನಡುಬ್ಬಿ ಕೇಬಲ್' ಎಂದು ಬರೆದು ಕೈ ತೊಳೆದುಕೊಂಡ. ನನ್ನ ಎಂ.ಎ.ಗೆ ಅದು ಮೊದಲ ಪೆಟ್ಟು. ಆಗ ಅದನ್ನೇ ದೊಡ್ಡ ಪೆಟ್ಟು ಎಂದುಕೊಂಡಿದ್ದೆ.

ದಂಡೆ

ಹೋಳಿ ಮುಗಿದು ಎರಡು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ದಂಡೆಗೆ ಹೋದಾಗ ವೀರೇಶ ಸ್ವಿಚ್ಚುಗಳ ಕಬ್ಬಿಣದ ಪೆಟ್ಟಿಗೆಯ ಮುಂದೆ ನಿಂತು ಊದುಬತ್ತಿ ಹಚ್ಚುತ್ತಿದ್ದ. ಆವತ್ತು ಮೊದಲ ಸಲ ಕೇಬಲ್ಲಿಗೆ ಕರೆಂಟು ಬಿಟ್ಟು ನೋಡುವ ದಿನ. ಅವನು ದಂಡೆಯಲ್ಲಿ ಸ್ವಿಚ್ ಹಾಕುವುದು, ದ್ವೀಪದಲ್ಲಿ ರಾಮ್‌ಆಸರೆ ಎಂಬ ಲೈನ್‌ಮನ್ ನೋಡಿ ಫೋನ್ ಮಾಡುವುದು, ನಾನು ಹೊಳೆ ದಾಟಿ ಹೋಗಿ ಇತಿಹಾಸಕ್ಕೆ ಸಾಕ್ಷಿಯಾಗುವುದು: ಹೀಗೆಂದು ಏರ್ಪಾಟು.

ಅಷ್ಟರಲ್ಲಿ ದ್ವೀಪದಿಂದ ಒಂದು ದೋಣಿ ಬಂತು. ಅದರಲ್ಲಿ ಜನರಿರಲಿಲ್ಲ, ಅಂಬಿಗ ಮತ್ತು ಒಂದು ಬಿದಿರಿನ ಬುಟ್ಟಿ. ಬುಟ್ಟಿಯ ತುಂಬ ಮೊಬೈಲುಗಳು, ಒಂದೊಂದಕ್ಕೂ ರಬ್ಬರ್ ಬ್ಯಾಂಡಿನಲ್ಲಿ ಹೆಸರಿನ ಚೀಟಿ. ಕರೆಂಟಿಲ್ಲದ ಊರಿನ ಫೋನುಗಳು ದಿನಾ ಹೀಗೆ ಹೊಳೆ ದಾಟಿ ಬಂದು, ದಂಡೆಯ ಚಹಾದಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಂಡು, ಸಂಜೆಯ ದೋಣಿಗೆ ಮನೆ ಸೇರುತ್ತಿದ್ದವು. ಊರಿಗಿಂತ ಊರಿನ ಫೋನುಗಳೇ ಹೆಚ್ಚು ವಿದೇಶ ಸುತ್ತಿವೆ ಎಂದು ನಾನು ನಗುತ್ತಿರುವಾಗ, ವೀರೇಶ ರಾಮ್‌ಆಸರೆಗೆ ಫೋನ್ ಹಚ್ಚಿದ. ಬುಟ್ಟಿಯೊಳಗೆ ಹನುಮಂತನ ಭಜನೆ ಮೊಳಗಿತು.

ವೀರೇಶ ಬುಟ್ಟಿಯನ್ನೂ ನನ್ನನ್ನೂ ನೋಡಿದ. "ಅಕ್ಕಾರ, ನಿಮ್ಮ ಫೋನಿನಾಗ ಚಾರ್ಜ್ ಐತಿಲ್ರಿ?"

"ಐತಪ್ಪ."

"ಹಂಗಾರ ಇವತ್ತ ನೀವ ನನ್ನ ಕಂಟ್ರೋಲ್ ರೂಮ್. ನಾ ಸ್ವಿಚ್ ಹಾಕ್ತೀನಿ. ಅಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್ ಅಂದಕೂಡ್ಲೆ ಒಂದು ಮಿಸ್ಡ್ ಕಾಲ್ ಕೊಡ್ರಿ. ಆಮ್ಯಾಲ ಯಾರೂ ಕಂಬದ ಹತ್ರ ಹೋಗಬಾರದು, ಅಷ್ಟ."

ಅಷ್ಟೇ. ಅದಕ್ಕಿಂತ ಸುಲಭದ ಕೆಲಸವನ್ನು ನನಗೆ ಜೀವನದಲ್ಲಿ ಯಾರೂ ಹೇಳಿರಲಿಲ್ಲ.

ನಡುನೀರು

ದೋಣಿಯಲ್ಲಿ ನಾನು, ಅಂಬಿಗ, ಎರಡು ಮೇಕೆ, ಒಂದು ಸೈಕಲ್ಲು. ಮೇಕೆಗಳು ಅನುಭವಸ್ಥರಂತೆ ನಡುವೆ ನಿಂತವು. ನನಗೆ ಮಾತ್ರ ಎಲ್ಲಿ ಕೂತರೂ ದೋಣಿ ಆ ಕಡೆಗೇ ವಾಲಿತು.

"ಪರದೇಸೀ ಹಈ ಕಾ?" ಎಂದು ಅಂಬಿಗ ಕೇಳಿದ. ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವರು. ಹಾಗೆ ಕರೆದರೆ ಜಗಳವಾಗುತ್ತದೆ. ಇಲ್ಲಿ ಬೇರೆ ಊರಿನವರು ಎಂದಷ್ಟೇ ಅರ್ಥ. ಇದನ್ನು ನಾನು ಬಲ್ಲೆ, ಕಾಶಿಗೆ ಬಂದ ವಾರದಲ್ಲೇ ಕಲಿತಿದ್ದೇನೆ. ಒಂದೇ ಶಬ್ದ ಎರಡು ಊರುಗಳಲ್ಲಿ ಎರಡು ಅರ್ಥ ಕೊಡುವುದರ ಬಗ್ಗೆ ಆಫೀಸಿನಲ್ಲೊಂದು ಭಾಷಣವನ್ನೂ ಮಾಡಿದ್ದೇನೆ. ಚಪ್ಪಾಳೆ ಬಿದ್ದಿತ್ತು.

ನಡುಹೊಳೆಯಲ್ಲಿ ಅಂಬಿಗ ಹುಟ್ಟು ನಿಲ್ಲಿಸಿ ಕೇಬಲ್ಲು ಇರುವ ಕಡೆಗೆ ಕೈ ತೋರಿಸಿದ. ನೀರಿನ ಮೇಲೆ ಚೆಂಡುಹೂವಿನ ಎಸಳುಗಳು ತೇಲುತ್ತಿದ್ದವು. ಕೇಬಲ್ಲು ಇಳಿಸಿದ ದಿನದಿಂದ ದ್ವೀಪದ ಹೆಂಗಸರು ಹಾದುಹೋಗುವಾಗಲೆಲ್ಲ ಅಲ್ಲೊಂದು ಹೂವು ಬಿಡುತ್ತಾರಂತೆ. ಈ ದಂಡೆಯಲ್ಲಿ ಸ್ನಾನ ಮಾಡುವವರು ಮಾತ್ರ ಶಾಕ್ ಹೊಡೆದೀತೆಂದು ಒಂದು ಫರ್ಲಾಂಗು ಆಚೆಗೆ ಸರಿದಿದ್ದಾರಂತೆ. ಅದೇ ನೀರು, ಅದೇ ಕೇಬಲ್ಲು, ಈ ಕಡೆಯವರಿಗೆ ಭಯ, ಆ ಕಡೆಯವರಿಗೆ ದೇವರು. ಕರೆಂಟು ಯಾರಿಗೆ ಮೊದಲಿನಿಂದ ಇದೆ, ಯಾರಿಗೆ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ರೇತ್‌ಪುರ

ದ್ವೀಪದಲ್ಲಿ ನನ್ನನ್ನು ಸ್ವಾಗತಿಸಿದ ಮೊದಲ ಪ್ರಶ್ನೆ, ಪನಡುಬ್ಬಿ ಎಲ್ಲಿ ಎಂಬುದು: "ಪನಡುಬ್ಬಿ ಕಹಾಂ ಹೌ?" ದಂಡೆಯ ಬೋರ್ಡು ಓದಿದವರು ಊರಿಗೆಲ್ಲ ಸುದ್ದಿ ಹಬ್ಬಿಸಿದ್ದರು. ನೀರಿನೊಳಗಿನ ಹಡಗೊಂದು ಕರೆಂಟನ್ನು ಹೊತ್ತು ತರುತ್ತದೆ, ಅದು ಮೇಲೇಳುವಾಗ ನೋಡಬೇಕು ಎಂದು ಇಪ್ಪತ್ತು ಮೂವತ್ತು ಜನ ಹೊಳೆಗೆ ಮುಖ ಮಾಡಿ ಕೂತಿದ್ದರು. ನಾನು ಅಚ್ಚ ಹಿಂದಿಯಲ್ಲಿ ವಿವರಿಸಿದೆ. ಅವರು ಗೌರವದಿಂದ ಕೇಳಿ, ಪನಡುಬ್ಬಿ ಬರಲು ತಡವಾಗುತ್ತದೆ ಎಂದು ತಿಳಿದುಕೊಂಡರು.

ರಾಮ್‌ಆಸರೆ ಬೇವಿನ ಮರದ ಕೆಳಗೆ, ಟ್ರಾನ್ಸ್‌ಫಾರ್ಮರಿನ ಹತ್ತಿರ ಸಿಕ್ಕ. ಐವತ್ತು ದಾಟಿದ ಮನುಷ್ಯ, ಹೆಗಲಿಗೆ ಹಗ್ಗ, ಸೊಂಟಕ್ಕೆ ಇಕ್ಕಳ, ತುಟಿಯೊಳಗೆ ಖೈನಿ ತಂಬಾಕು. ಕೈಗವಸು ಹಾಕಿಕೊಳ್ಳಿ ಎಂದು ನಾನು ಉಪದೇಶ ಮಾಡಿದಾಗ, ಒಂದೇ ಜೊತೆ ಇದೆ, ಅದು ಸಾಹೇಬರು ತಪಾಸಣೆಗೆ ಬಂದಾಗ ಹಾಕಿಕೊಳ್ಳುವುದು ಎಂದ. ಆಮೇಲೆ ಊರಿನ ಕೊನೆಯ ಕಡೆಗೆ ಕೈ ತೋರಿಸಿ ಬನಾರಸಿ ಮಾತಿನಲ್ಲಿ ಸರಸರ ಏನೋ ಹೇಳಿದ. ಅದರಲ್ಲಿ 'ಆಖಿರೀ ಖಂಭಾ' ಅಂದರೆ ಕೊನೆಯ ಕಂಬ ಎಂಬುದು ತಿಳಿಯಿತು, 'ನಟ್' ಎಂಬುದು ತಿಳಿಯಿತು. ಉಳಿದದ್ದು ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎನ್ನಲು ಹಿಂದಿ ಎಂ.ಎ.ಗೆ ಸಂಕೋಚವಾಯಿತು. ತಲೆಯಾಡಿಸಿದೆ. ಅವನು ಏಣಿ ಹೊತ್ತು ಹೋದ.

ಅವನು ಹೇಳಿದ್ದು ಇಷ್ಟು ಎಂದು ಆಮೇಲೆ ಗೊತ್ತಾಯಿತು: ಕೊನೆಯ ಕಂಬದಲ್ಲಿ ಒಂದು ನಟ್ಟು ಸಡಿಲ ಇದೆ, ಅದನ್ನು ಬಿಗಿ ಮಾಡುವವರೆಗೆ ಲೈನು ಬಿಡಬೇಡಿ ಎಂದು ಸಾಹೇಬರಿಗೆ ಹೇಳಿ.

ಕೊನೆಯ ಕಂಬದ ಪಕ್ಕದ ಮನೆ ಫೂಲ್‌ಮತಿ ಚಾಚಿಯದು. ಹೊತ್ತು ಕಳೆಯಲು ಆಕೆಯ ಜಗಲಿಗೆ ಹೋಗಿ ಕೂತೆ. ಒಳಗೆ ಬಿದಿರಿನ ತೊಲೆಗೆ ಒಂದು ಸೀಲಿಂಗ್ ಫ್ಯಾನು ನೇತಾಡುತ್ತಿತ್ತು. ಮೂರೂ ರೆಕ್ಕೆಗಳಿಗೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೆಯೇ ಇತ್ತು. ಸೊಸೆಯ ಜೊತೆ ಮದುವೆಯಲ್ಲಿ ಬಂದ ಫ್ಯಾನು. ಕರೆಂಟಿಲ್ಲದ ಊರಿಗೆ ಫ್ಯಾನು ಕೊಟ್ಟವರೂ ಸರಿ, ಹನ್ನೊಂದು ವರ್ಷ ದೀಪಾವಳಿಗೊಮ್ಮೆ ಅದರ ಧೂಳು ಒರೆಸಿದವರೂ ಸರಿ. ಸೊಸೆ ಮುಂಬಯಿ ಸೇರಿ, ಅವಳ ಮಗ ಶಾಲೆಗೆ ಹೋಗುತ್ತಿದ್ದರೂ, ಫ್ಯಾನು ಇನ್ನೂ ಹೊಸ ಮದುಮಗಳಂತೆ ಮುಸುಕು ಹಾಕಿಕೊಂಡೇ ಇತ್ತು.

ಪರೀಕ್ಷೆ ಮುಗಿಯುವವರೆಗೆ ಎಲ್ಲರೂ ಸ್ವಿಚ್ಚುಗಳನ್ನು ಆರಿಸಿಡಬೇಕೆಂದು ಊರಿನಲ್ಲಿ ಡಂಗುರ ಹೊಡೆದಾಗಿತ್ತು. ಚಾಚಿಯ ಸ್ವಿಚ್ಚು ಹಾಕಿಯೇ ಇತ್ತು. "ಚಾಚೀ, ಬಂದ್ ಮಾಡಿಡಬೇಕಂತೆ," ಎಂದೆ ಹಿಂದಿಯಲ್ಲಿ.

"ಬಂದ್ ಕಾಹೇ ರಖ್ಖೀಂ? ಗ್ಯಾರಹ್ ಬರಿಸ್ ಸೇ ತ ಬಂದೇ ಹೌ!"

ಹನ್ನೊಂದು ವರ್ಷದಿಂದ ಆರಿಯೇ ಇದೆ, ಇನ್ನೇನು ಆರಿಸಲಿ ಎಂದು. ನಿಯಮಗಳನ್ನು ಗೌರವಿಸುವವಳಾದ ನಾನು ಮನಸ್ಸಿನಲ್ಲೇ ಆಕೆಯನ್ನು ಬೈದುಕೊಂಡು ಟ್ರಾನ್ಸ್‌ಫಾರ್ಮರಿನ ಹತ್ತಿರಕ್ಕೆ ವಾಪಸಾದೆ.

ಕೊನೆಯ ಕಂಬ

ಬೇವಿನ ಕೆಳಗೆ ಹೊರಸಿನ ಮೇಲೆ ನಿಂತರೆ ಮಾತ್ರ ನೆಟ್‌ವರ್ಕು. ನಿಂತೆ. ವೀರೇಶನ ಕರೆ ಬಂತು: "ಎಲ್ಲಾ ರೆಡಿ ಏನ್ರಿ?"

"ರೆಡಿ," ಎಂದೆ.

ಇದೊಂದು ಮಾತನ್ನು ಯಾವ ಅಧಿಕಾರದಿಂದ ಹೇಳಿದೆನೋ. ಅವನು ಎರಡು ನಿಮಿಷ ಎಂದು ಫೋನಿಟ್ಟ. ನಾನು ವಿಡಿಯೊ ಶುರು ಮಾಡಿದೆ.

ಮೊದಲ ಹತ್ತು ಸೆಕೆಂಡು ಟ್ರಾನ್ಸ್‌ಫಾರ್ಮರು, ಮೇಕೆ, ಹೊಳೆಗೆ ಮುಖ ಮಾಡಿದವರ ಬೆನ್ನು. ಹನ್ನೊಂದರಲ್ಲಿ ಗುಂಯ್ ಎಂಬ ಸದ್ದು. ದಪ್ಪ ಜೇನೊಂದು ಎಚ್ಚರಾದ ಹಾಗೆ. ನನ್ನ ಮೈ ಝುಂ ಎಂದಿತು. ನನ್ನ ಕೈಲಿರುವ ಫೋನು ಓಣಿಯ ಕಡೆಗೆ ತಿರುಗುತ್ತದೆ. ನೂರು ಹೆಜ್ಜೆ ದೂರದಲ್ಲಿ, ಕೊನೆಯ ಕಂಬಕ್ಕೆ ಏಣಿ ಒರಗಿಸಿ ರಾಮ್‌ಆಸರೆ ನಿಂತಿದ್ದಾನೆ. ಹದಿನಾರರಲ್ಲಿ ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾನೆ: "ಮೇಡಮ್‌ಜೀ! ಲೈನ್ ಕ ಕಾ ಹಾಲ್ ಹೌ?"

ಲೈನಿನ ಗತಿ ಏನು ಎಂದು ಕೇಳುತ್ತಿದ್ದಾನೆ. ಅದು ಚೆನ್ನಾಗಿ ಅರ್ಥವಾಯಿತು. ಉತ್ತರ ಹಿಂದಿಯಲ್ಲಿ ಕೊಡಬೇಕಿತ್ತು. 'ವಿದ್ಯುತ್ ಆಪೂರ್ತಿ ಪ್ರಾರಂಭ ಹೋ ಚುಕೀ ಹೈ' ಎಂದು ನಾನು ಯಾವ ಕಡತದಲ್ಲಾದರೂ ಬರೆಯಬಲ್ಲೆ. 'ಆ ಗಯೀ' ಎಂದು ಒಂಬತ್ತು ವರ್ಷದ ಚುಕ್ಕಿಯೂ ಹೇಳಬಲ್ಲಳು. ಆದರೆ ಸಂತೋಷವಾದಾಗ ನಾಲಿಗೆ ಎಂ.ಎ. ಕೇಳುವುದಿಲ್ಲ. ಹತ್ತೊಂಬತ್ತನೆಯ ಸೆಕೆಂಡಿನಲ್ಲಿ ಹೆಂಗಸೊಬ್ಬಳ ದನಿ, ನನ್ನದೇ, ಗಂಟಲು ಹರಿಯುವ ಹಾಗೆ ಕೂಗುತ್ತದೆ: "ಬಂದೈತೆ! ಲೈನ್ ಬಂದೈತೆ!"

ಹೊಳೆಯ ಗಾಳಿ ಕೊನೆಯ 'ತೆ'ಯನ್ನು ಎತ್ತಿಕೊಂಡು ಹೋಯಿತು. ಉಳಿದದ್ದು ಅವನನ್ನು ತಲುಪಿತು.

"ಬಂದ್ ಹೌ? ಠೀಕ್ ಹೌ!" ಎಂದು ಅವನು ಕೈಯೆತ್ತಿದ. ಏಣಿ ಹತ್ತಿದ.

ಇದು ಇಪ್ಪತ್ತಮೂರನೆಯ ಸೆಕೆಂಡು. ಇಲ್ಲಿಂದ ನಲವತ್ತಾರರವರೆಗೆ ನಾನು ಏನನ್ನೂ ಮಾಡುವುದಿಲ್ಲ, ವೀರೇಶ ಹೇಳಿಕಳಿಸಿದ್ದೊಂದೂ ನೆನಪಾಗುವುದಿಲ್ಲ. ವಿಡಿಯೊ ತೆಗೆಯುತ್ತಿರುತ್ತೇನೆ. ಎಂಥ ಧೈರ್ಯವಂತ, ಕರೆಂಟು ಬಂದ ತಕ್ಷಣ ನೋಡಲು ಹತ್ತುತ್ತಿದ್ದಾನೆ ಎಂದು ಅಭಿಮಾನ ಪಡುತ್ತಿರುತ್ತೇನೆ. ಝೂಮ್ ಕೂಡ ಮಾಡುತ್ತೇನೆ. ಅವನ ಬರಿಗೈ ಕಾಣುತ್ತದೆ. ಅವನು ಇಕ್ಕಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈಯಲ್ಲಿ ಕಂಬ ಹಿಡಿದು, ಬಲಗೈಯನ್ನು ತಂತಿಯ ಕಡೆಗೆ ಚಾಚುತ್ತಾನೆ. ಒಂದು ಗೇಣು. ನಾನು ಈ ವಿಡಿಯೊವನ್ನು ಎಷ್ಟು ಸಲ ನೋಡಿದರೂ ಅಲ್ಲಿ ಒಂದೇ ಗೇಣು ಇರುತ್ತದೆ. ಪ್ರತಿ ಸಲವೂ ನಾನು ಬಾತ್‌ರೂಮಿನಲ್ಲಿ ನಿಂತು "ಮುಟ್ಟಬೇಡ" ಎನ್ನುತ್ತೇನೆ, ಕನ್ನಡದಲ್ಲೇ.

ನಲವತ್ತಾರರಲ್ಲಿ ಪಟಪಟಪಟ ಎಂಬ ಸದ್ದು. ಹಕ್ಕಿಯ ಹಿಂಡೊಂದು ಮನೆಯೊಳಗೆ ಸಿಕ್ಕಿಕೊಂಡ ಹಾಗೆ. ಅದರ ಹಿಂದೆಯೇ ಚಾಚಿಯ ಕಿರುಚಾಟ: "ಚಲ್ ಗಯಲ್! ಅರೇ ಪಂಖಾ ಚಲ್ ಗಯಲ್!"

ಹನ್ನೊಂದು ವರ್ಷದ ಪ್ಲಾಸ್ಟಿಕ್ಕು ಹರಿದು ಬಡಿದುಕೊಳ್ಳುತ್ತಿತ್ತು. ಜಡ್ಡುಗಟ್ಟಿದ್ದ ಫ್ಯಾನು ಅರ್ಧ ನಿಮಿಷ ಮುಲುಕಿ ಕಡೆಗೂ ತಿರುಗುತ್ತಿತ್ತು.

ರಾಮ್‌ಆಸರೆಯ ಕೈ ಗಾಳಿಯಲ್ಲಿ ನಿಂತಿತು. ಅವನು ತಲೆ ತಗ್ಗಿಸಿ ಚಾಚಿಯ ಬಾಗಿಲೊಳಗೆ ನೋಡಿದ. ಬಾಯಿಂದ ಇಕ್ಕಳ ಬಿತ್ತು. ಅದು ಮರಳಿಗೆ ಬಿದ್ದದ್ದು ವಿಡಿಯೊದಲ್ಲಿ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ. ಕಡೆಯ ಮೂರು ಸೆಕೆಂಡು ಬರೀ ಮರಳು. ಫೋನೂ ನನ್ನ ಕೈಯಿಂದ ಬಿದ್ದಿತ್ತು.

ಬೇವಿನ ಕೆಳಗೆ

ಅವನು ಇಳಿದು ಬಂದು ಹೊರಸಿನ ಮೇಲೆ ಕೂತ. ಅಂಗೈಗೆ ಖೈನಿ ಸುರಿದುಕೊಂಡು, ಉಜ್ಜುವುದನ್ನು ಬಿಟ್ಟು ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ, ಲೈನು ಬಂದ್ ಇದೆ ಎಂದು ನೀವೇ ಅಂದಿರಲ್ಲವೇ ಎಂದು ಕೇಳಿದ: "ಆಪ್ ತ ಕಹಲೀಂ, ಬಂದ್ ಹೈ?"

ನಾನು ವಿಡಿಯೊ ಹಾಕಿ ಕೇಳಿಸಿದೆ. ಅವನು ಫೋನನ್ನು ಕಿವಿಗೆ ಹಚ್ಚಿಕೊಂಡು ನನ್ನ ಕೂಗನ್ನು ಮತ್ತೆ ಮತ್ತೆ ಕೇಳಿದ. ನಮ್ಮ ಭಾಷೆಯಲ್ಲಿ ಬಂದೈತೆ ಎಂದರೆ 'ಬಂದಿದೆ' ಎಂದು ಅರ್ಥ, ನಿಮ್ಮ 'ಆ ಗಯಲ್' ಎಂದು ತೊದಲುತ್ತ ಹೇಳಿದೆ. ಅವನು ಫೋನು ವಾಪಸು ಕೊಟ್ಟ.

"ಔರ್ ಜಬ್ ಚಲ್ ಜಾಲಾ, ತಬ್?" ಹೋದಾಗ ಏನನ್ನುತ್ತೀರಿ?

"ಹೋಗೈತೆ," ಎಂದೆ.

"ಹೋ ಗಯಾ ಹೈ?" ಅವನ ಕಣ್ಣು ಅರಳಿತು. ಹೋ ಗಯಾ ಹೈ ಎಂದರೆ ಆಗಿದೆ, ಎಲ್ಲ ಸಿದ್ಧವಾಗಿದೆ ಎಂದು. ಅಂದರೆ ನಾವು ಬಂದಿದೆ ಎಂದರೆ ಇವರಿಗೆ ಹೋದಂತೆ, ಹೋಗಿದೆ ಎಂದರೆ ಬಂದಂತೆ. ಅವನು ಖೈನಿಯನ್ನೆಲ್ಲ ಚೆಲ್ಲಿಕೊಂಡು ನಗತೊಡಗಿದ. "ಮೇಡಮ್‌ಜೀ, ಆಪ್ ಲೋಗನ್ ಕೇ ಉಹಾಂ ಬಿಜಲೀ ವಿಭಾಗ್ ಮೇಂ ಕೋಈ ಜಿಂದಾ ಬಚಲ್ ಹೌ?"

ನಿಮ್ಮ ಕಡೆ ವಿದ್ಯುತ್ ಇಲಾಖೆಯಲ್ಲಿ ಯಾರಾದರೂ ಜೀವಂತ ಉಳಿದಿದ್ದಾರೆಯೇ ಎಂದು. ಸುತ್ತಲಿನವರೂ ನಕ್ಕರು. ಅವನು ನಗುತ್ತ ನಗುತ್ತಲೇ ಹೆಗಲ ಮೇಲಿನ ಗಮ್ಛಾ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಬಹಳ ಹೊತ್ತು ತೆಗೆಯಲಿಲ್ಲ.

ಮಿಸ್ಡ್ ಕಾಲ್ ಬಾರದ್ದಕ್ಕೆ ಗಾಬರಿಯಾಗಿ ವೀರೇಶ ಕರೆಂಟು ತೆಗೆದು, ಸಿಕ್ಕ ದೋಣಿ ಹತ್ತಿ ಬಂದ. ಫೋನುಗಳ ಬುಟ್ಟಿಯೂ ಅವನ ಜೊತೆಗೇ ಬಂದು, ನೆಟ್‌ವರ್ಕು ಸಿಗುವ ಎತ್ತರಕ್ಕೆ ಬೇವಿನ ಕೊಂಬೆಯಲ್ಲಿ ನೇತುಬಿತ್ತು. ಕಥೆ ಕೇಳಿ ಮರಳ ಮೇಲೆ ಕೂತ. "ಅಕ್ಕಾರ, ನಾ ಇಲ್ಲಿಗೆ ಬಂದ ಹೊಸದಾಗಿ ಹಿಂಗ ಬಂದೈತಿ ಅಂದಿದ್ದೆ. ಮಂದಿ ನಕ್ರು. ಆವತ್ತಿಂದ ಲೈನ್ ಚಾರ್ಜ್ ಅಂತೀನಿ. ನಿಮಗ ಹೇಳಬೇಕಂತ ಹೊಳೀಲೇ ಇಲ್ರಿ. ನೀವು ಹಿಂದಿ ಓದಿದವ್ರು..."

ಆಗ ಬುಟ್ಟಿಯೊಳಗೆ ಹನುಮಂತನ ಭಜನೆ ಮೊಳಗಿತು. ರಾಮ್‌ಆಸರೆ ಎದ್ದು ಹುಡುಕಿ ತನ್ನ ಫೋನು ತೆಗೆದ. ಹೊಳೆಯಾಚೆಯ ಮನೆಯಿಂದ ಹೆಂಡತಿಯ ಕರೆ, ಕರೆಂಟು ಬಂತೇ ಎಂದು ಕೇಳುತ್ತಿದ್ದಳು.

"ಹಾಂ, ಆ ಗಯಲ್," ಎಂದ. ಸ್ವಲ್ಪ ತಡೆದು ಸೇರಿಸಿದ: "ಹಮಹೂಂ ಆವತ್ ಹಈ."

ನಾನೂ ಬರುತ್ತಿದ್ದೇನೆ ಎಂದು.

ಮತ್ತೆ ಕಂಟೋನ್ಮೆಂಟ್

ನಡೆದದ್ದನ್ನು ಬರೆದುಕೊಡಿ ಎಂದು ಗುತ್ತಿಗೆ ಕಂಪನಿಯವರು ಕೇಳಿದರು. ರೆಡಿ ಎಂದು ನಾನು ಹೇಳಿದ್ದನ್ನೂ, ರಾಮ್‌ಆಸರೆಯ ಮಾತು ತಿಳಿಯದೆ ತಲೆಯಾಡಿಸಿದ್ದನ್ನೂ, ಅವನಿಗೆ ಕೈಗವಸು ಇಲ್ಲದ್ದನ್ನೂ, ಫೋನುಗಳ ಬುಟ್ಟಿಯನ್ನೂ ಬಿಡದೆ ಬರೆದೆ. ಶುದ್ಧ ಹಿಂದಿಯಲ್ಲಿ, ಮೂರು ಪುಟ. ಅವರು ಅದನ್ನು ಓದಿ, ದುರ್ಘಟನೆಗೆ ಕಾರಣ ಕಾರ್ಮಿಕರಲ್ಲಿ ಮಾನಕ ಹಿಂದಿಯ ಕೊರತೆ ಎಂದು ತೀರ್ಮಾನಿಸಿದರು. ಪರಿಹಾರವಾಗಿ ಒಂದು ದಿನದ ಹಿಂದಿ ಕಾರ್ಯಾಗಾರ. ಸಂಪನ್ಮೂಲ ವ್ಯಕ್ತಿ: ನಾನು.

ಹೋಗಿ ಕಲಿಸಿಬಂದೆ. ಮುಂದಿನ ಸಾಲಿನಲ್ಲಿ ರಾಮ್‌ಆಸರೆ ಕೂತಿದ್ದ, ಹೊಸ ಕೈಗವಸುಗಳನ್ನು ತೊಡೆಯ ಮೇಲಿಟ್ಟುಕೊಂಡು. ಕಾರ್ಯಾಗಾರದಲ್ಲಿ ಎಲ್ಲರಿಗೂ ಹಂಚಿದ್ದರು. ಚಹಾದ ಹೊತ್ತಿಗೆ ಹೇಳಿದ: ಈಗ ರೇತ್‌ಪುರದಲ್ಲಿ ಯಾವ ಕಂಬ ಹತ್ತುವ ಮೊದಲೂ ಅವನು ಲೈನಿನ ಬಗ್ಗೆ ಯಾರನ್ನೂ ಕೇಳುವುದಿಲ್ಲವಂತೆ. ಚಾಚಿಯ ಮನೆಗೆ ಹೋಗಿ ತಲೆಯೆತ್ತಿ ನೋಡುತ್ತಾನಂತೆ. ಹರಿದ ಪ್ಲಾಸ್ಟಿಕ್ಕನ್ನು ಕಿತ್ತು ಬಿಸಾಡಲು ಆಕೆಗೆ ಬಿಟ್ಟಿಲ್ಲ. ಅದು ಸದ್ದು ಮಾಡುತ್ತಿರಲಿ ಎಂದಿದ್ದಾನೆ.

ಹೋದ ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕರೆಂಟಿರಲಿಲ್ಲ. ಅಡುಗೆಮನೆಯ ಬಲ್ಬಿನ ಹೋಲ್ಡರ್ ಸಡಿಲವಾಗಿ ಬಹಳ ದಿನವಾಗಿತ್ತು. ಹೇಗೂ ಕರೆಂಟಿಲ್ಲವಲ್ಲ ಎಂದು ಸ್ಟೂಲ್ ಹತ್ತಿದೆ. ಮೇನ್ ಸ್ವಿಚ್ ತೆಗೆಯಲಿಲ್ಲ. ಅಷ್ಟೆಲ್ಲ ನೋಡಿ ಬಂದವಳು, ಇಷ್ಟು ಮಾಡಲಿಲ್ಲ. ಹೋಲ್ಡರಿನ ಕಡೆಗೆ ಕೈ ಚಾಚಿದಾಗ ಹೊರಗಿನ ಮೆಟ್ಟಿಲ ಹತ್ತಿರದಿಂದ ಚುಕ್ಕಿಯ ಕೂಗು ಕೇಳಿಸಿತು. ಯಾರೂ ತಿದ್ದದೆ, ತಾನಾಗಿಯೇ, ಮೊದಲ ಸಲ:

"ಅಮ್ಮಾ! ಲೈನ್ ಬಂದೈತೆ!"

ಕೈ ನಿಂತಿತು. ಅದು ಯಾವ ಭಾಷೆ ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಬಂದಿದೆಯೋ, ಬಂದ್ ಆಗಿದೆಯೋ. ಹೆತ್ತವಳಿಗೆ ತಿಳಿಯಲಿಲ್ಲ, ಕಲಿಸಿದವಳಿಗೆ ತಿಳಿಯಲಿಲ್ಲ. ಕುತ್ತಿಗೆ ತಿರುಗಿಸಿ ಬಾಗಿಲಿನಾಚೆ ಹಾಲಿನ ಕಡೆಗೆ ನೋಡಿದೆ. ಫ್ಯಾನು ಒಂದು ಸುತ್ತು ನಿಧಾನವಾಗಿ ಬಂತು, ಆಮೇಲೆ ಇನ್ನೊಂದು.

ಚುಕ್ಕಿ ಓಡಿಬಂದು ಸ್ಟೂಲಿನ ಕೆಳಗೆ ನಿಂತಳು. "ಸರಿಯಾಗಿ ಹೇಳಿದ್ನಾ ಅಮ್ಮಾ?"

"ಸರಿಯಾಗಿ ಹೇಳ್ದೆ ಕಣೇ," ಎಂದೆ. ಇಳಿಯಲು ಮಾತ್ರ ಅವಳೇ ಕೈ ಹಿಡಿಯಬೇಕಾಯಿತು.